ಅರ್ಧ ಕಪ್ ಚಹಾಕ್ಕೆ ಒಂದು ಸೀಟು

ಲಂಚ ತಿನ್ನುವವರ ಬಗ್ಗೆ ನನಗೆ ಮೊದಲು ಭಾರಿ ಸಿಟ್ಟಿತ್ತು. ಈಗ ಅಷ್ಟಿಲ್ಲ. ಲಂಚವೆಂದರೆ ಮೇಜಿನ ಕೆಳಗೆ ಕೈ ಚಾಚುವುದು ಎಂದುಕೊಂಡಿದ್ದೆ. ಅದು ಬಸ್ಸಿನ ಕಿಟಕಿಯ ಪಕ್ಕದ ಸೀಟಾಗಿಯೂ ಬರುತ್ತದೆ, ಅದರ ಮೇಲೆ ಕುಳಿತು ಆರಾಮಾಗಿ ತೂಕಡಿಸಲೂಬಹುದು ಎಂದು ಗೊತ್ತಿರಲಿಲ್ಲ.

ನಾನು ಬೈಲಹೊಂಗಲದವಳು. ದಿನಾ ಬಸ್ಸಿನಲ್ಲಿ ಬೆಳಗಾವಿಗೆ ಹೋಗಿ ಸರಕಾರಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಓದುತ್ತೇನೆ. ವಿಷಯ ಡಯಾಲಿಸಿಸ್, ಅಂದರೆ ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ, ಶುದ್ಧ ಮಾಡಿ, ಅವರಿಗೇ ಹಿಂತಿರುಗಿಸುವ ವಿದ್ಯೆ. ಇದನ್ನು ಕಿತ್ತೂರಿನ ಅತ್ತೆಗೆ ಅರ್ಧ ತಾಸು ವಿವರಿಸಿದೆ. ಆಕೆ ಪೂರ್ತಿ ಕೇಳಿ, "ಅಂದ್ರ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಮಂದಿ ಕೇಳಿದ್ರ ಏನಂತ ಹೇಳೂದವಾ?" ಎಂದಳು. ನನಗೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ರುದ್ರಪ್ಪ ಕಾಕಾ ಮಂಗಳವಾರ, ಶುಕ್ರವಾರ ನನ್ನ ಬಸ್ಸಿಗೇ, ನಾನು ಕೆಲಸ ಕಲಿಯುವ ಆಸ್ಪತ್ರೆಗೇ ಡಯಾಲಿಸಿಸ್‌ಗೆ ಬರುತ್ತಿದ್ದರು. ನಾಲ್ಕು ವರ್ಷದ ಅನುಭವ ಅವರದು, ಎರಡು ವರ್ಷದ್ದು ನನ್ನದು; ಹೀಗಾಗಿ ನನಗೆ ಸೀನಿಯರ್. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟಾವೆಲು ಒಗೆದು ಎರಡು ಸೀಟು ಹಿಡಿಯುತ್ತಿದ್ದರು. ಆಮೇಲೆ ನನ್ನ ಪುಸ್ತಕ ಕಸಿದುಕೊಂಡು ಪ್ರಶ್ನೆ ಕೇಳುವುದು. ಆಯುಷ್ಯವೆಲ್ಲ ಗಿರಣಿಯ ಸಪ್ಪಳದಲ್ಲಿ ಕಳೆದವರಾದ್ದರಿಂದ ಅವರ ಪಿಸುಮಾತೂ ಡ್ರೈವರನಿಗೆ ಕೇಳುತ್ತಿತ್ತು. "ಪೊಟ್ಯಾಶಿಯಂ ಹೆಚ್ಚಾದ್ರ ಏನಾಕ್ಕೈತಿ?" ಎಂದು ಕೂಗಿದರೆ, ನಾನು ಯೋಚಿಸುವಷ್ಟರಲ್ಲಿ ಹಿಂದಿನ ಸೀಟಿನ ಹಾಲಿನವರು, "ಎದಿ ನಿಲ್ತೈತಿರಿ" ಎನ್ನುತ್ತಿದ್ದರು. ಆ ಬಸ್ಸಿನಲ್ಲಿ ಹಿಂದುಳಿದ ವಿದ್ಯಾರ್ಥಿ ನಾನೊಬ್ಬಳೇ.

ಡಯಾಲಿಸಿಸ್‌ನವರಿಗೆ ನೀರು ವಿಷ. ಕುಡಿದದ್ದು ಹೊರಗೆ ಹೋಗುವುದಿಲ್ಲ; ಕಾಲಿಗೆ, ಎದೆಗೆ ಸೇರಿಕೊಳ್ಳುತ್ತದೆ. ದಿನಕ್ಕೆ ಇಷ್ಟೇ ಎಂದು ಅಳತೆ ಹಾಕಿಕೊಟ್ಟಿರುತ್ತಾರೆ. ಹೀಗಿರುವಾಗ ಒಂದು ಮಂಗಳವಾರ ನಾನು ಬಸ್ ಸ್ಟ್ಯಾಂಡಿಗೆ ಬೇಗ ಹೋದೆ. ಕಾಕಾ ಚಹಾದಂಗಡಿಯ ಮರೆಯಲ್ಲಿ ನಿಂತು, ಕಣ್ಣು ಮುಚ್ಚಿ, ಅರ್ಧ ಕಪ್ ಚಹಾ ಕುಡಿಯುತ್ತಿದ್ದರು. ಅದು ಆ ಬೆಳಗಿನ ಎಷ್ಟನೆಯ ಅರ್ಧ ಕಪ್ಪೋ ಅಂಗಡಿಯವನಿಗೇ ಗೊತ್ತು. ಕಣ್ಣು ತೆರೆದಾಗ ಎದುರಿಗೆ ನಾನು.

"ನೀ ನೋಡಿಲ್ಲ, ನಾ ಕುಡದಿಲ್ಲ," ಎಂದರು, ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ. "ಸೀಟ್ ಹಿಡೀತೇನಿ ನಡಿಯವಾ."

ನಾನು ನಡೆದೆ. ಆಸ್ಪತ್ರೆಯ ಕಾಟಾ ಪ್ರತಿ ಸಲ ಅವರ ತೂಕ ಹೆಚ್ಚು ತೋರಿಸುತ್ತಿತ್ತು. ಸಿಸ್ಟರು ಬೈಯುತ್ತಿದ್ದರು. ಕಾಕಾ ನನ್ನ ಕಡೆ ನೋಡುತ್ತಿದ್ದರು, ನಾನು ಯಂತ್ರದ ಕಡೆ ನೋಡುತ್ತಿದ್ದೆ. ಸಾಕು ಕಾಕಾ ಎಂದು ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಲೇ ಒಂದು ಮಳೆಗಾಲ ಕುಳಿತು ಪ್ರಯಾಣ ಮಾಡಿದೆ.

ಪ್ರಾಕ್ಟಿಕಲ್ ಪರೀಕ್ಷೆಗೆ ನನಗೆ ಸಿಕ್ಕ ರೋಗಿ ಅವರೇ. ತೂಕ ನಾಲ್ಕು ಕಿಲೋ ಏರಿತ್ತು. ಪರೀಕ್ಷಕರು ಹುಬ್ಬು ಗಂಟಿಕ್ಕಿ, "ನೀರು ಕಡಿಮೆ ಕುಡೀಬೇಕು ಅಂತ ಈಕೆ ನಿಮಗೆ ತಿಳಿಸಿ ಹೇಳಿಲ್ವೇನ್ರೀ?" ಎಂದು ಕೇಳಿದರು.

"ಈಕಿ ಹೇಳಿದಷ್ಟು ಮತ್ತ್ಯಾರೂ ಹೇಳಿಲ್ರಿ ಸಾಹೇಬ್ರ," ಎಂದರು ಕಾಕಾ, ವಾರ್ಡಿಗೆಲ್ಲ ಕೇಳುವಂತೆ. "ತಪ್ಪು ನಂದರಿ. ಗಿರಣಿ ಕಿವಿ ನಂದು, ಹೇಳಿದ್ದು ಒಳಗ ಇಳಿಯೂದಿಲ್ಲ."

ಒಂದು ಸಲವೂ ಹೇಳದ ನಾನು ತಲೆ ತಗ್ಗಿಸಿ ನಿಂತಿದ್ದೆ. ಪರೀಕ್ಷಕರು ಅದನ್ನು ವಿನಯವೆಂದು ತಿಳಿದಿರಬೇಕು. ಪಾಸಾದೆ.

ಮುಂದಿನ ಶುಕ್ರವಾರ ಬಸ್ಸಿಗೆ ಕಾಕಾ ಬರಲಿಲ್ಲ. ಹಿಂದಿನ ದಿನ ಸಂಜೆ ಏದುಸಿರು ಹತ್ತಿಕೊಂಡಿತಂತೆ. ಆಸ್ಪತ್ರೆಗೆ ಹೊರಟ ಜೀಪು ಊರು ದಾಟುವುದರೊಳಗೆ ಮುಗಿದಿತ್ತು. ಎದೆಯಲ್ಲಿ ನೀರು ತುಂಬಿತ್ತು ಎಂದು ಹಾಲಿನವರು ಹೇಳಿದರು. ಅವರಿಗೆ ಈಗ ಎಲ್ಲ ಗೊತ್ತಾಗುತ್ತದೆ.

ಕಾಕಾನ ಮನೆಯವರನ್ನು ಮಾತನಾಡಿಸಲು ಹೋಗುವುದಕ್ಕೆ ನನಗೆ ಹತ್ತು ದಿನ ಬೇಕಾಯಿತು. ಗಿರಣಿ ಬಂದ್ ಆಗಿತ್ತು. ಅವರ ಹೆಂಡತಿ, ನೀಲಮ್ಮ ಕಾಕು, ಚಾಪೆ ಹಾಸಿ ಕೂಡಿಸಿದರು. ಪಕ್ಕಕ್ಕೆ ಕುಳಿತು, "ಒಂದ ಮಾತು ಖರೇ ಹೇಳವಾ," ಎಂದರು. "ನಾಕು ವರ್ಷ ಮನ್ಯಾಗ ಚಾ ಮಾಡಿಲ್ಲ ನಾ. ಅವ್ರಿಗೆ ಆಸಿ ಆಗಬಾರದಂತ ನಾನೂ ಕುಡೀಲಿಲ್ಲ. ಹೊರಗ ಏನರ ಕುಡೀತಿದ್ರೇನು?"

ಅವರ ಕೈ ನನ್ನ ಮೊಣಕಾಲ ಮೇಲಿತ್ತು.

"ಇಲ್ಲರಿ ಕಾಕು," ಎಂದೆ. "ಒಂದು ಗುಟುಕೂ ಇಲ್ಲ."

ಅವರು ಉಸಿರು ಬಿಟ್ಟರು. "ಹಂಗಾರ ದೇವರ ಇಚ್ಛಾ. ನೀ ಓದಿದಾಕಿ, ನಿನಗ ಗೊತ್ತಿರತೈತಿ," ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಎರಡು ಕಪ್ ಚಹಾ ಹಿಡಿದು ಬಂದರು. ರೂಢಿ ತಪ್ಪಿ ಹೋಗಿತ್ತೋ ಏನೋ, ಸಕ್ಕರೆ ವಿಪರೀತವಾಗಿತ್ತು. ಸಾಕು ಎನ್ನಬಹುದಿತ್ತು, ಬೇಡ ಎನ್ನಬಹುದಿತ್ತು. ಆ ಎರಡರಲ್ಲಿ ಒಂದು ಶಬ್ದ ಹೊತ್ತಿಗೆ ಸರಿಯಾಗಿ ನನ್ನ ಬಾಯಿಗೆ ಬಂದಿದ್ದರೆ ನಾನು ಆ ಚಾಪೆಯ ಮೇಲೆ ಕೂಡುವ ಪ್ರಸಂಗವೇ ಬರುತ್ತಿರಲಿಲ್ಲವೇನೋ. ಕಪ್ಪು ತುಂಬಿಸಿ ಕೊಟ್ಟಷ್ಟೂ ಕುಡಿದೆ.