ಎರಡು ತಂಡ ಕೂಡಿಸಿದವರಿಗೆ ಹಳ್ಳದ ದಂಡೆಯಿಂದ ಒಂದು ತಕರಾರು ಅರ್ಜಿ

ಇವರಿಗೆ,
ಮಾನ್ಯ ಅಧ್ಯಕ್ಷರು, ಎಫ್.ಸಿ. ನೋರ್‌ಲುಂಡ್ ಫುಟ್‌ಬಾಲ್ ಕ್ಲಬ್, ಡೆನ್ಮಾರ್ಕ್ ದೇಶ.

ಇವರಿಂದ,
ಸಿದ್ಧರಾಮ, ಅರ್ಜಿ ಬರಹಗಾರ, ಸಿಂದಗಿ. ಹಾಗೂ ಜಂಟಿ ಅಧ್ಯಕ್ಷ, ಹಳ್ಳದ ಸಂಯುಕ್ತ ಕಬಡ್ಡಿ ಕ್ಲಬ್.

ವಿಷಯ: ತಮ್ಮ ಕ್ಲಬ್ಬಿನ ಇತಿಹಾಸದಿಂದ ನಮಗಾದ ಹಾನಿಯ ಕುರಿತು.

ಮಾನ್ಯರೇ,

ತಮ್ಮ ಪಾದಗಳಿಗೆ, ತಮ್ಮಲ್ಲಿ ದುಡಿದು ಉಣ್ಣುವ ಅಂಗ ಅದೇ ಆದ್ದರಿಂದ, ಮೊದಲಿಗೆ ನಮಸ್ಕಾರಗಳು. ತಮ್ಮ ದೇಶದಲ್ಲಿ ಗಾಳಿ, ಹಾಲು, ಗೋಲು ಮೂರೂ ಸಕಾಲಕ್ಕೆ ಆಗುತ್ತಿವೆ ಎಂದು ನಂಬಿದ್ದೇನೆ. ಇತ್ತ ನಾವೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಮೂವತ್ತು ವರ್ಷಗಳಿಂದ ಕಚೇರಿಯ ಎದುರಿನ ತಗಡಿನ ನೆರಳಲ್ಲಿ ಕುಳಿತು ಊರವರ ಪರವಾಗಿ ಅದನ್ನು ಬರೆದು ಬರೆದು ಕೈಗೆ ರೂಢಿಯೂ ಆಗಿದೆ. ಆದರೆ ಈ ಸಲ ನಾನು ಸ್ವಂತಕ್ಕೆ ಬರೆಯುತ್ತಿರುವುದರಿಂದ ಸುಳ್ಳು ಬರೆಯಲು ಮನಸ್ಸಿಲ್ಲ. ನಾವು ಕ್ಷೇಮವಿಲ್ಲ, ಅದಕ್ಕೆ ಕಾರಣ ತಾವು.

ತಮಗೂ ನಮಗೂ ಎತ್ತಣ ಸಂಬಂಧ ಎಂದು ತಾವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಂಡತಿ ರೇಣುಕಾಳ ಅಣ್ಣನ ಮಗ ಯಲ್ಲಾಲಿಂಗ ಬಸವನ ಬಾಗೇವಾಡಿ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿ ಫ್ಯಾನುಗಳನ್ನು ಹತ್ತಿ ರಿಪೇರಿ ಮಾಡುವವನು. ಅವನ ಕಂಪನಿ ಅವನನ್ನು ಮೂರು ತಿಂಗಳ ತರಬೇತಿಗೆ ತಮ್ಮ ದೇಶಕ್ಕೆ ಕಳಿಸಿತು. ಹೋದವನು ಅತ್ತೆಗೊಂದು ಬೆಚ್ಚನೆಯ ಶಾಲು, ಅಪ್ಪನಿಗೊಂದು ಕೈಗಡಿಯಾರ ತಂದಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿರಲಿಲ್ಲ. ಅವನು ತಂದದ್ದು ತಮ್ಮ ಸ್ಟೇಡಿಯಮ್ಮಿನ ಬಾಗಿಲಲ್ಲಿ ಪುಕ್ಕಟೆ ಹಂಚುತ್ತಿದ್ದ ತೊಂಬತ್ತು ಪುಟದ ಇತಿಹಾಸ ಪುಸ್ತಕ. ಪುಕ್ಕಟೆ ಸಿಕ್ಕಿತೆಂದು ತಂದ ಆ ಪುಸ್ತಕವನ್ನು ಮೊಬೈಲಿನ ಎದುರು ಹಿಡಿದು, ಅದು ಕನ್ನಡದಲ್ಲಿ ಒದರಿದ್ದನ್ನು ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಓದಿದ. ನಾವು ಕೇಳಿದೆವು. ಕೆಟ್ಟೆವು.

ಮೊದಮೊದಲು ನಮಗೆ ತಮ್ಮ ಮೇಲೆ ಪ್ರೀತಿಯೇ ಹುಟ್ಟಿತ್ತೆಂದು ದಾಖಲಿಸುತ್ತೇನೆ. 1911ರಲ್ಲಿ ವಿಂಡ್‌ಬೆಕ್ ಊರಿನ ಹಾಲಿನ ಡೇರಿಯ ಹುಡುಗರು ಹುಲ್ಲುಗಾವಲಿನಲ್ಲಿ ಕ್ಲಬ್ ಕಟ್ಟಿದ್ದು, ಮೊದಲ ಪಂದ್ಯದಲ್ಲಿ ಗೋಲಿನ ಬಾಯಿಗೆ ಅಡ್ಡ ನಿಂತ ಹಸುವಿಗೆ ಚೆಂಡು ಬಡಿದು ವಾಪಸು ಬಂದದ್ದು, ಹಾಗೆ ತಪ್ಪಿಹೋದ ಒಂದೇ ಗೋಲಿನಿಂದ ತಾವು ಸೋತದ್ದು, ಆ ಹಸುವಿನ ಹೆಸರು ಕಾರೆನ್ ಎಂದಿದ್ದದ್ದು, ಎಲ್ಲವೂ ಒಂಬತ್ತನೆಯ ಪುಟದಲ್ಲಿ ಫೋಟೋ ಸಮೇತ ಇದೆ. ನಮ್ಮ ಕೆಂಚನಕಟ್ಟಿಯ ಮಾಳಿಂಗರಾಯ ಕಬಡ್ಡಿ ಸಂಘವನ್ನು ನಾನು ಕಟ್ಟಿದಾಗಲೂ ನಮಗಿದ್ದದ್ದು ಒಂದು ಕಣ ಮಾತ್ರ. ಜೋಳದ ರಾಶಿ ಮುಗಿದ ಮೇಲೆ ಅಂಗಳ, ರಾಶಿ ಬಂದರೆ ಆಟ ಬಂದ್. ಆದ್ದರಿಂದ ಕಾರೆನ್ ನಮಗೂ ಮನೆಯ ಹಸುವಿನಂತೆ ಕಂಡಳು.

ಏಳು ಕಿಲೋಮೀಟರ್ ಆಚೆಯ ಕೋರ್ಸ್ಟ್ರಪ್ ಊರಿನ ಇಟ್ಟಿಗೆ ಭಟ್ಟಿಯವರು ತಮ್ಮ ಮೇಲಿನ ಹೊಟ್ಟೆಕಿಚ್ಚಿಗೇ ಇನ್ನೊಂದು ಕ್ಲಬ್ ಕಟ್ಟಿದರೆಂಬ ಅಧ್ಯಾಯ ಬಂದಾಗಲಂತೂ ಕಟ್ಟೆಯ ಮೇಲೆ ಕೂತವರೆಲ್ಲ ತೊಡೆ ತಟ್ಟಿದರು. ಎಂಬತ್ತು ವರ್ಷ ಆ ಊರಿನವರು ಈ ಊರಿಗೆ ಹೆಣ್ಣು ಕೊಡಲಿಲ್ಲ, ಈ ಊರಿನವರು ಆ ಊರಿನ ಬ್ರೆಡ್ಡು ತಿನ್ನಲಿಲ್ಲ ಎಂದು ಓದಿದಾಗ, ಡೆನ್ಮಾರ್ಕ್ ಎಂಬುದು ಮುದ್ದೇಬಿಹಾಳದ ಆಚೆ ಎಲ್ಲೋ ಇರಬೇಕೆಂದು ನಮಗೆ ಅನುಮಾನ ಬಂತು.

ಏಕೆಂದರೆ ನಮ್ಮಲ್ಲೂ ಹಳ್ಳದ ಆಚೆ ಬೊಮ್ಮನಹಾಳವಿದೆ. ಅಲ್ಲಿನ ತಂಡ ಕಟ್ಟಿದವನು ಅಮಸಿದ್ದ, ರೇಣುಕಾಳ ಅಣ್ಣ, ಮೇಲೆ ಹೇಳಿದ ಯಲ್ಲಾಲಿಂಗನ ತಂದೆ. ನಾವು ಹೆಣ್ಣು ತಂದೂ ಜಗಳ ಬಿಡದವರು, ಆ ಮಟ್ಟಿಗೆ ತಮಗಿಂತ ಮುಂದುವರಿದವರು. ಹತ್ತೊಂಬತ್ತು ವರ್ಷಗಳ ಹಿಂದೆ ನಮ್ಮ ಸೀಮೆಯ ಡೋಣಿ ಕಪ್ ಕಬಡ್ಡಿಯ ಫೈನಲ್ಲಿನಲ್ಲಿ, ಕೊನೆಯ ದಾಳಿಯಲ್ಲಿ ಅಮಸಿದ್ದನ ಕಾಲು ಅಂಕಣದ ಗೆರೆ ದಾಟಿತು. ಗೆರೆ ಹಾಕಿದ್ದು ಬೂದಿಯಲ್ಲಿ, ಬೂದಿ ಅವನ ಹಿಮ್ಮಡಿಯಲ್ಲಿತ್ತು. ನಾನು ತೋರಿಸಿದೆ. ಅವನು, "ಇದು ಮುಂಜಾನಿ ಒಲಿ ಮುಂದ ಕುಂತಾಗ ಹತ್ತಿದ್ದು" ಎಂದ. ಅಂದಿನಿಂದ ನಮ್ಮಿಬ್ಬರ ಮಾತು ನಿಂತಿತು. ಪ್ರತಿ ವರ್ಷ ಎರಡೂ ಊರಿನ ಪಂದ್ಯ ಹಳ್ಳದ ಮರಳಿನಲ್ಲಿ ನಡೆಯುವಾಗ ಈ ದಂಡೆಯಲ್ಲಿ ನಮ್ಮವರು, ಆ ದಂಡೆಯಲ್ಲಿ ಅವರ ಕಡೆಯವರು ಕೂಡುತ್ತಿದ್ದರು. ರೇಣುಕಾ ಮಾತ್ರ ನಡುವಿನ ಸಿಡಿ ಮೇಲೆ, ಅಂದರೆ ನಮ್ಮ ಸಣ್ಣ ಸೇತುವೆಯ ಮೇಲೆ, ಒಬ್ಬಳೇ ಕೂಡುತ್ತಿದ್ದಳು. ಅವಳಿಗೆ ಬಿಸಿಲಿನಲ್ಲಿ ಕೂಡುವ ಚಟವಿದೆ ಎಂದು ನಾನು ತಿಳಿದಿದ್ದೆ.

ಇನ್ನು 1999ರ ಅಧ್ಯಾಯಕ್ಕೆ ಬರುತ್ತೇನೆ. ತಕರಾರು ಇರುವುದೇ ಅಲ್ಲಿ. ಎರಡೂ ಕ್ಲಬ್ಬುಗಳು ಕೆಳಗಿನ ದರ್ಜೆಗೆ ಜಾರಿ ಮುಳುಗುತ್ತಿದ್ದಾಗ ಇಬ್ಬರು ಅಧ್ಯಕ್ಷರೂ ನಡುದಾರಿಯ ಹೋಟೆಲ್ಲಿನಲ್ಲಿ ಕಳ್ಳರ ಹಾಗೆ ಸೇರಿ, ಮೀನು ತಿಂದು, ಕೈ ಒರೆಸುವ ಕಾಗದದ ಮೇಲೆ ಸಹಿ ಹಾಕಿ ಎರಡನ್ನೂ ನೋರ್‌ಲುಂಡ್ ಎಂಬ ಒಂದೇ ಕ್ಲಬ್ ಮಾಡಿದರು. ಮೊದಲ ವರ್ಷ ಜನ ತಮ್ಮ ತಂಡಕ್ಕೇ ಸಿಳ್ಳೆ ಹೊಡೆದು ಅಣಕಿಸಿದರು. ನಾಲ್ಕನೆಯ ವರ್ಷ ಮೇಲಿನ ದರ್ಜೆ, ಹದಿಮೂರನೆಯ ವರ್ಷ ದೇಶಕ್ಕೇ ಚಾಂಪಿಯನ್. ಆಮೇಲೆ ಚೆಂಡನ್ನು ಹತ್ತಿರದಿಂದ ನೋಡಿರದ ಶ್ರೀಮಂತನೊಬ್ಬ ಕ್ಲಬ್ಬನ್ನೇ ಕೊಂಡ, ಯಾವ ಆಟಗಾರ ಬೇಕೆಂದು ಹೇಳಲು ಕಂಪ್ಯೂಟರ್ ಬಂತು, ಸ್ಟೇಡಿಯಮ್ಮಿಗೆ ಹಾಸಿಗೆ ಕಂಪನಿಯ ಹೆಸರು ಬಂತು, ಅದು ಹೋಗಿ ಕಿವಿಯ ಮಿಷನ್ನಿನ ಕಂಪನಿಯ ಹೆಸರು ಬಂತು. ಮಲಗಿದವರನ್ನು ಎಬ್ಬಿಸಿ ಕಿವಿ ಕೊಟ್ಟ ಈ ಪ್ರಗತಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನಮ್ಮ ಅಂಗಳಕ್ಕೆ ಇಂದಿಗೂ ಮಲ್ಲಪ್ಪನ ಕಣ ಎಂದೇ ಹೆಸರು. ಮಲ್ಲಪ್ಪ ಅದನ್ನು ಮಾರಿ ನಲವತ್ತು ವರ್ಷವಾಯಿತು, ಹೆಸರು ಬದಲಿಸುವ ತಿಳಿವಳಿಕೆ ಯಾರಿಗೂ ಬಂದಿಲ್ಲ.

ಮಾನ್ಯರೇ, ನಮ್ಮದು ಒಡೆಯುವುದರಲ್ಲಿ ಪಳಗಿದ ಸೀಮೆ. ಇಂಡಿಯಿಂದ ಚಡಚಣ ಬೇರೆ ತಾಲೂಕಾಯಿತು, ಬಸವನ ಬಾಗೇವಾಡಿಯಿಂದ ನಿಡಗುಂದಿ ಬೇರೆಯಾಯಿತು, ನಮ್ಮ ಸಿಂದಗಿಯಿಂದ ದೇವರ ಹಿಪ್ಪರಗಿ ಬೇರೆಯಾಯಿತು. ಒಂದನ್ನು ಎರಡು ಮಾಡಲು ನಮಗೆ ಯಾರ ಪುಸ್ತಕವೂ ಬೇಕಿಲ್ಲ. ಎರಡನ್ನು ಒಂದು ಮಾಡಬಹುದೆಂಬ ಹುಚ್ಚನ್ನು ನಮ್ಮ ತಲೆಗೆ ಹತ್ತಿಸಿದವರು ತಾವು. ಆ ಹೊತ್ತಿಗೆ ಎರಡೂ ಊರಿನಲ್ಲಿ ಆಡುವ ಹುಡುಗರು ಕಡಿಮೆಯಾಗಿ, ನಮ್ಮಲ್ಲಿ ನಾಲ್ವರು, ಅವರಲ್ಲಿ ನಾಲ್ವರು ಉಳಿದಿದ್ದರು. ಯಲ್ಲಾಲಿಂಗ ಇತ್ತ ನನಗೂ ಅತ್ತ ತನ್ನಪ್ಪನಿಗೂ ಒಂದೇ ಅಧ್ಯಾಯವನ್ನು ಓದಿದ. ಪುಸ್ತಕದಲ್ಲಿದ್ದಂತೆಯೇ ಮಾಡಬೇಕೆಂದು ಇಬ್ಬರೂ ನಡುದಾರಿಯ ಹೋಟೆಲ್ ಹುಡುಕಿದೆವು. ನಮ್ಮ ಎರಡು ಊರುಗಳ ನಡುವೆ ಇರುವುದು ಹಳ್ಳ ಒಂದೇ. ಆದ್ದರಿಂದ ಸಿಡಿಯ ಕೆಳಗೆ, ರೇಣುಕಾ ತಂದ ಥರ್ಮಾಸಿನ ಚಹಾ ಕುಡಿದು, ಹತ್ತೊಂಬತ್ತು ವರ್ಷದ ಮೇಲೆ ಮೊದಲ ಸಲ ಮುಖ ನೋಡಿಕೊಂಡೆವು. ಅಮಸಿದ್ದ ಆಡಿದ ಮೊದಲ ಮಾತು, "ಆ ಬೂದಿ ಒಲೀದ ಇತ್ತ."

ಹೆಸರು ಯಾರದೂ ಆಗಿರಬಾರದು ಎಂದು ಪುಸ್ತಕ ಹೇಳಿತ್ತು, ಹಳ್ಳದ ಹೆಸರಿಟ್ಟೆವು. ಬಣ್ಣ ಇಬ್ಬರದೂ ಇರಬೇಕು ಎಂದಿತ್ತು; ನಮ್ಮ ಕೆಂಪು, ಅವರ ನೀಲಿ ಸೇರಿಸಿ ಅರ್ಧರ್ಧದ ಬನಿಯನ್ ಹೊಲಿಯಲು ದರ್ಜಿ ರಸೂಲಸಾಬನಿಗೆ ಕೊಟ್ಟೆವು. ಅವನು ಬಟ್ಟೆ ತಿರುವಿ ನೋಡಿ, "ಹೊಲೀತೇನ್ರಿ. ಆದ್ರ ಕಬಡ್ಡಿಯಾಗ ಎಳದ್ರ ನಟ್ಟನಡುವನ ಹರೀತೈತಿ, ಆಮ್ಯಾಲ ನನ್ನ ಬೈಬ್ಯಾಡ್ರಿ" ಎಂದು ಮೊದಲೇ ಎಚ್ಚರಿಸಿದ. ಹಳೆಯ ಎರಡು ಹೆಸರುಗಳನ್ನೂ ನೋಂದಣಿಯಿಂದ ತೆಗೆಸಬೇಕೆಂದು ನಲವತ್ತೊಂದನೆಯ ಪುಟದಲ್ಲಿತ್ತು. ನಾನೇ ನನ್ನ ಕೈಯಾರೆ, ಅತ್ಯಂತ ಸುಂದರ ಅಕ್ಷರಗಳಲ್ಲಿ, ಎರಡಕ್ಕೂ ರದ್ದತಿ ಅರ್ಜಿ ಬರೆದು ಡೋಣಿ ಕಪ್ ಸಮಿತಿಗೆ ಕೊಟ್ಟೆ. ನನ್ನ ಸಂಘದ ಹೆಸರನ್ನು ನಾನೇ ಹೊಡೆದು ಹಾಕುವ ಮನಸ್ಸಿರಲಿಲ್ಲ. ಆದರೂ ಬರೆದೆ.

ಆಮೇಲೆ ಹೊಸ ತಂಡದ ಅರ್ಜಿ ತುಂಬಲು ಕುಳಿತೆ. ಹೆಸರು, ಊರು, ಆಟಗಾರರು, ಎಲ್ಲ ತುಂಬಿ "ತಾಲೂಕು" ಎಂಬ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಮೂವತ್ತು ವರ್ಷಗಳಲ್ಲಿ ಸಾವಿರಾರು ಜನರ ತಾಲೂಕು ತುಂಬಿದ ನಾನು, ತಾಲೂಕು ಒಡೆದಾಗ ಗಡಿ ಬಂದದ್ದು ನಮ್ಮ ಹಳ್ಳದ ನಡುವೆಯೇ ಎಂಬುದನ್ನು ತಮ್ಮ ಇತಿಹಾಸದ ಅಮಲಿನಲ್ಲಿ ಮರೆತಿದ್ದೆ. ಕೆಂಚನಕಟ್ಟಿ ಸಿಂದಗಿಯಲ್ಲಿ ಉಳಿದಿದೆ, ಬೊಮ್ಮನಹಾಳ ದೇವರ ಹಿಪ್ಪರಗಿಗೆ ಹೋಗಿದೆ. ಕಪ್ಪಿನ ನಿಯಮದಂತೆ ಏಳೂ ಆಟಗಾರರು ಒಂದೇ ತಾಲೂಕಿನವರಿರಬೇಕು. ಸಣ್ಣ ಅಕ್ಷರದಲ್ಲಿ ಎರಡನ್ನೂ ಒತ್ತರಿಸಿ ಬರೆದು ಕೊಟ್ಟೆ. ಸಮಿತಿಯ ಕಾರ್ಯದರ್ಶಿ ಮುಕ್ತಾರ ಕನ್ನಡಕ ಏರಿಸಿ, "ಸಿದ್ಧರಾಮಣ್ಣ, ಮಂದಿಗೆಲ್ಲ ಬರದು ಕೊಡಾವ್ರು ನೀವು. ನೀವ ಹಿಂಗ ಬರದ್ರ ಹೆಂಗ್ರಿ?" ಎಂದು ಕೇಳಿದ. ಅವನ ತಪ್ಪೇನೂ ಇರಲಿಲ್ಲ. ಹಳೆಯ ಹೆಸರುಗಳಿಗೆ ವಾಪಸು ಹೋಗಿ, ಕಡಿಮೆ ಬಿದ್ದ ಹುಡುಗರನ್ನು ತಂತಮ್ಮ ತಾಲೂಕಿನ ಬೇರೆ ಊರುಗಳಿಂದ ಎರವಲು ತರೋಣವೆಂದರೆ ಆ ವರ್ಷದ ಗಡುವು ಮುಗಿದಿತ್ತು.

ಹೀಗೆ ಕಪ್ ಶುರುವಾದಂದಿನಿಂದ ಮೊದಲ ಬಾರಿಗೆ ಎರಡೂ ಊರುಗಳು ಅಂಗಳದ ಹೊರಗೆ ನಿಂತು ಆಟ ನೋಡಿದವು. ನಮ್ಮ ಎಂಟು ಹುಡುಗರು ಕೆಂಪು ನೀಲಿ ಬನಿಯನ್ ತೊಟ್ಟು ಸಾಲಾಗಿ ನಿಂತಿದ್ದರು, ಬೇರೆ ಊರಿನವರು ಅವರನ್ನು ಬ್ಯಾಂಡಿನವರೆಂದು ತಿಳಿದು ಬಾರಿಸಲು ಹೇಳಿದರು. ಕಪ್ಪನ್ನು ಗೆದ್ದದ್ದು ಮುದ್ದೇಬಿಹಾಳ ಕಡೆಯ ತಂಡ. ಮೊದಲ ಬಹುಮಾನ ಒಂದು ಟಗರು. ಆ ಟಗರನ್ನು ಕಪ್ಪಿಗೆ ದಾನ ಕೊಟ್ಟವನು ಅಮಸಿದ್ದ. ಹೇಗೂ ನಾವೇ ಗೆದ್ದು ಮನೆಗೆ ತರುತ್ತೇವೆಂಬ ಧೈರ್ಯದ ಮೇಲೆ ಹಿಂಡಿನ ಅತ್ಯುತ್ತಮ ಟಗರನ್ನೇ ಕೊಟ್ಟಿದ್ದ. ಟಂಟಂ ಆಟೋ ಹತ್ತಿ ಹೋಗುವಾಗ ಅದು ಅಮಸಿದ್ದನ ಕಡೆಗೇ ನೋಡುತ್ತಿತ್ತು.

ಈ ಹಾನಿಗೆ ಪರಿಹಾರವಾಗಿ ತಾವು ಡೆನ್ಮಾರ್ಕಿನ ಸರಕಾರಕ್ಕೆ ಹೇಳಿ ನಮ್ಮ ಎರಡು ತಾಲೂಕುಗಳನ್ನು ಒಂದು ಮಾಡಿಸಬೇಕು. ಅದಾಗದಿದ್ದರೆ ಹಳ್ಳವನ್ನಾದರೂ ಅರ್ಧ ಕಿಲೋಮೀಟರ್ ಪೂರ್ವಕ್ಕೆ ಸರಿಸಬೇಕು. ಅದೂ ಆಗದಿದ್ದರೆ ತಮ್ಮ ಲೀಗಿನಲ್ಲಿ ನಮ್ಮನ್ನು ಸೇರಿಸಿಕೊಳ್ಳಬೇಕು, ಅಲ್ಲಿ ತಾಲೂಕು ಕೇಳುವುದಿಲ್ಲವೆಂದು ಯಲ್ಲಾಲಿಂಗ ಹೇಳಿದ್ದಾನೆ. ನಮ್ಮ ಹುಡುಗರು ಕಾಲಿಗಿಂತ ಕೈಯನ್ನೇ ಹೆಚ್ಚು ಬಳಸುತ್ತಾರೆ, ಅದನ್ನು ತಮ್ಮ ರೆಫರಿಗಳು ಹೊಟ್ಟೆಗೆ ಹಾಕಿಕೊಳ್ಳಬೇಕು.

ಇಷ್ಟಕ್ಕೇ ಪತ್ರ ಮುಗಿಸಬೇಕೆಂದಿದ್ದೆ. ಆದರೆ ಇನ್ನೊಂದು ಸಂಗತಿ ಬಿಟ್ಟರೆ ಅರ್ಜಿ ಅಪೂರ್ಣವಾಗುತ್ತದೆ. ಟಗರು ಹೋದ ಮಾರನೆಯ ದಿನ ನಾನೂ ಅಮಸಿದ್ದನೂ ತಂಡ ಒಡೆಯಲು ಮತ್ತೆ ಸಿಡಿಯ ಕೆಳಗೆ ಸೇರಿದೆವು. ಒಡೆಯುವ ಕ್ರಮವೂ ಪುಸ್ತಕದಲ್ಲೇ ಇರಬಹುದೆಂದು ಯಲ್ಲಾಲಿಂಗನಿಗೆ ಹುಡುಕಲು ಹೇಳಿದೆವು. ಎಂಬತ್ತೇಳನೆಯ ಪುಟದ ತಳದಲ್ಲಿ, ಇರುವೆಯಂಥ ಅಕ್ಷರದಲ್ಲಿ, ಅವನಿಗೆ ಒಂದು ಸಾಲು ಸಿಕ್ಕಿತು. ವಿಂಡ್‌ಬೆಕ್, ಕೋರ್ಸ್ಟ್ರಪ್ ಎಂಬ ಹಳೆಯ ಕ್ಲಬ್ಬುಗಳು ಸತ್ತಿಲ್ಲ, ತಾಯಿ ಕ್ಲಬ್ಬುಗಳೆಂಬ ಹೆಸರಿನಲ್ಲಿ ಹೊಸದಾಗಿ ನೋಂದಣಿಯಾಗಿ, ಕೆಳಗಿನ ದರ್ಜೆಯಲ್ಲಿ, ಬೇರೆ ಬೇರೆಯಾಗಿಯೇ ಆಡುತ್ತಿವೆಯಂತೆ. ಪ್ರತಿ ವರ್ಷ ಒಂದರ ಎದುರು ಇನ್ನೊಂದು ಇಳಿಯುತ್ತದಂತೆ. ಕಳೆದ ಸಲ ಇನ್ನೂರ ಹನ್ನೆರಡು ಜನ ಎರಡು ಕಡೆ ಕೂತು ಬೈದಾಡಿದರಂತೆ. ಆಹಾ! ನಲವತ್ತೊಂದನೆಯ ಪುಟದಲ್ಲಿ ಹೆಸರು ತೆಗೆಸಿರೆಂದು ನಮಗೆ ಹೇಳಿ, ಎಂಬತ್ತೇಳರಲ್ಲಿ ತಾವು ಹೆಸರು ಉಳಿಸಿಕೊಂಡಿದ್ದೀರಿ. ತಾವು ಹೊರಗೆ ಒಂದಾಗಿ ಒಳಗೆ ಎರಡಾಗಿಯೇ ಇದ್ದವರು. ಪೂರ್ತಿ ಒಂದಾದ ಮೂರ್ಖರು ಜಗತ್ತಿನಲ್ಲಿ ನಾವೇ.

ನನಗೂ ಅಮಸಿದ್ದನಿಗೂ ಖುಷಿಯಾಯಿತು. ನಾವೂ ಹಾಗೇ ಮಾಡೋಣ, ಹಳೆಯ ಹೆಸರು ವಾಪಸು ತರೋಣ, ಮೊದಲಿನಂತೆ ಆಡೋಣ ಎಂದು ಹತ್ತೊಂಬತ್ತು ವರ್ಷಗಳಲ್ಲಿ ಎರಡನೆಯ ಬಾರಿ ಒಂದು ಮಾತಿಗೆ ಇಬ್ಬರೂ ಒಪ್ಪಿದೆವು. ಆಗ ರೇಣುಕಾ ಥರ್ಮಾಸ್ ಕೆಳಗಿಟ್ಟಳು.

"ಒಡಿಯೂದಿದ್ರ ಒಡೀರಿ. ಆದ್ರ ಮೊದಲ ನಾ ಎಲ್ಲಿ ಕುಂದರ್ಲಿ ಅನ್ನೂದನ್ನ ಇಬ್ರೂ ಕೂಡಿ ಹೇಳ್ರಿ. ಹತ್ತೊಂಬತ್ತು ವರ್ಷ ಈ ಕಲ್ಲಿನ ಮ್ಯಾಲ ಕುಂತೇನಿ. ಅತ್ತ ಕುಂತ್ರ ಗಂಡನ ಬಿಟ್ಲು ಅಂತಿದ್ರಿ, ಇತ್ತ ಕುಂತ್ರ ತವರ ಮರತ್ಲು ಅಂತಿದ್ರಿ. ಈ ಎರಡ ತಿಂಗಳ ಕಣದಾಗ ಹುಡುಗರು ಕೂಡಿ ತಾಲೀಮು ಮಾಡೂದನ್ನ ಎಲ್ಲಾರ ಕೂಡ ಕುಂತು ನೋಡೇನಿ. ಯಾರ ಗೆದ್ರೂ ಚಪ್ಪಾಳಿ ಹೊಡದೇನಿ. ಅದನ್ನ ಕಸಗೊಂಡು ಮತ್ತ ಕಲ್ಲಿನ ಮ್ಯಾಲ ಕುಂದರ್ಸೂದು ಯಾವ ಪುಟದಾಗ ಬರದೈತಿ?"

ಯಲ್ಲಾಲಿಂಗ ಪುಟ ತಿರುವಿದ, ಅಭ್ಯಾಸಬಲ. ಎಲ್ಲಿಯೂ ಇರಲಿಲ್ಲ. ಅಮಸಿದ್ದ ತನ್ನ ಹಿಮ್ಮಡಿ ನೋಡಿಕೊಂಡು, "ಬೂದಿ ಗೆರೀದು ಇದ್ದರೂ ಇರಬಹುದು" ಎಂದ. ನನಗೆ ಗೆದ್ದೆನೆಂದು ಅನಿಸಲಿಲ್ಲ, ನಾಚಿಕೆಯಾಯಿತು. ಬಿಸಿಲಿನ ಚಟ ಎಂದು ಹತ್ತೊಂಬತ್ತು ವರ್ಷ ತಿಳಿದವನು ನಾನು.

ಆದ್ದರಿಂದ ಮಾನ್ಯರೇ, ನಾವು ಒಡೆಯಲಿಲ್ಲ. ಮುಂದಿನ ವರ್ಷದ ಡೋಣಿ ಕಪ್ಪಿಗೆ ಹಳ್ಳದ ಸಂಯುಕ್ತ ಕಬಡ್ಡಿ ಕ್ಲಬ್ಬಿನ ಅರ್ಜಿಯನ್ನೇ ಮತ್ತೆ ತುಂಬಿದ್ದೇನೆ. ತಿರಸ್ಕೃತವಾಗುತ್ತದೆಂದು ಗೊತ್ತಿದ್ದೂ ನಾನು ಬರೆದ ಮೊದಲ ಅರ್ಜಿ ಇದು. ಅದರ ನಕಲನ್ನು ಲಗತ್ತಿಸಿದ್ದೇನೆ. ತಾಲೂಕು ಎಂಬ ಕಾಲಮ್ಮಿನಲ್ಲಿ ಈ ಸಲ ಒತ್ತರಿಸದೆ, ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ: ರೇಣುಕಾ ಕುಂತಲ್ಲಿ.

ತಮ್ಮ ಇತಿಹಾಸವನ್ನು ತಮಗಿಂತ ಹೆಚ್ಚು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ಸಿದ್ಧರಾಮ

ತಾ.ಕ.: ತಮ್ಮ ಪುಸ್ತಕದ ನಲವತ್ತಮೂರನೆಯ ಪುಟದಲ್ಲಿ, ಒಂದಾದ ಮೇಲಿನ ಮೊದಲ ಪಂದ್ಯದ ಫೋಟೋ ಇದೆ. ಎರಡು ಗುಂಪುಗಳು ಅತ್ತಿತ್ತ ಕೂತಿವೆ, ನಡುವಿನ ಖಾಲಿ ಕುರ್ಚಿಗಳಲ್ಲಿ ಒಬ್ಬ ಹೆಂಗಸು ಒಬ್ಬಳೇ ಕುಳಿತಿದ್ದಾಳೆ. ಕೆಳಗೆ ಅವಳ ಹೆಸರಿಲ್ಲ. ಪುಸ್ತಕದಲ್ಲಿ ಆಟಗಾರರದಿದೆ, ಶ್ರೀಮಂತನದಿದೆ, ಹಾಸಿಗೆ ಕಂಪನಿಯದಿದೆ, ಹಸುವಿನದೂ ಇದೆ. ರೇಣುಕಾ ಕೇಳಲು ಹೇಳಿದ್ದಾಳೆ: ಆಕೆ ಯಾರ ಹೆಂಡತಿ, ಯಾರ ತಂಗಿ ಎಂಬುದು ಬೇಡ, ಹೆಸರೇನು?