ತೊಳೆಯಬಾರದ ಮಸಿ

ಯಾರಾದರೂ ಬರುತ್ತಾರೆಂದರೆ ಕೆಲವರು ಅಡುಗೆಮನೆಗೆ ಓಡುತ್ತಾರೆ, ಕೆಲವರು ಪೊರಕೆ ಹುಡುಕುತ್ತಾರೆ. ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು ಎರಡನೆಯ ಜಾತಿ. ಧನಸಹಾಯ ಸಮಿತಿ ಇವತ್ತು ಬರುತ್ತದೆಂದು ತಿಳಿದದ್ದೇ ತಡ, ಕಿಟಕಿ, ಮೇಜು, ಫ್ಯಾನು, ಕೊನೆಗೆ ಗೋಡೆ ಗಡಿಯಾರದ ಒಳಮೈಯನ್ನೂ ತೊಳೆಸಿಬಿಟ್ಟಿದ್ದರು.

ಪ್ರಯೋಗಾಲಯದ ಬಾಗಿಲು ತೆರೆದ, ಅದೇ ವಿಭಾಗದ ಸಂಶೋಧಕ ಮಸಿ ಮೇಷ್ಟ್ರು ನಿಂತಲ್ಲೇ ಕಲ್ಲಾದರು. ಪೆಟ್ರೋಲಿಗೆ ಹೊಸದಾಗಿ ಬೆರೆಸುತ್ತಿರುವ ರಾಸಾಯನಿಕದಿಂದ ಗಾಳಿಗೂ ಜನರ ಎದೆಗೂ ಏನಾಗುತ್ತದೆಂದು ತಿಳಿಯಲು ಅವರು ವರ್ಷವಿಡೀ ಬಸ್ ನಿಲ್ದಾಣದಲ್ಲಿ, ಪೆಟ್ರೋಲ್ ಬಂಕಿನೆದುರು ಬಿಳಿ ಬಟ್ಟೆಯ ತುಂಡುಗಳನ್ನು ಕಟ್ಟಿ ಮಸಿ ಹಿಡಿದಿದ್ದರು. ಅವರಿಗೆ ಆ ಹೆಸರು ಬಂದದ್ದೂ ಹಾಗೆಯೇ. ಆ ಬಟ್ಟೆಗಳೆಲ್ಲ ಈಗ ಬೆಳ್ಳಗಾಗಿ, ಇಸ್ತ್ರಿಯಾಗಿ, ಮೇಜಿನ ಮೇಲೆ ಮಡಚಿಕೊಂಡು ಕೂತಿದ್ದವು.

“ಸಾರ್... ಇದೇನು ಸಾರ್?”

“ಥ್ಯಾಂಕ್ಸೆಲ್ಲ ಬೇಡಪ್ಪ,” ಎಂದು ಮುಖ್ಯಸ್ಥರು ಬೀಗಿದರು. “ಎಷ್ಟು ಕೊಳಕಾಗಿದ್ವು ಗೊತ್ತಾ? ಉಜ್ಜೀ ಉಜ್ಜೀ ನನ್ನ ಕೈ ಬಿದ್ದುಹೋಯ್ತು!”

“ಆ ಕೊಳೆ ನೋಡೋಕೇ ಸಾರ್ ಅವರು ಬರ್ತಿರೋದು!”

ಮೇಷ್ಟ್ರು ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು, ಎಲ್ಲೂ ಒಂದು ಚುಕ್ಕೆ ಮಸಿಯಿರಲಿಲ್ಲ. ಇವತ್ತು ಸಮಿತಿ ಒಪ್ಪದಿದ್ದರೆ ಸಂಶೋಧನೆಯೂ ಇಲ್ಲ, ಅದನ್ನೇ ನಂಬಿಕೊಂಡ ಅವರ ಕೆಲಸವೂ ಇಲ್ಲ. ಮುಖ್ಯಸ್ಥರ ಮುಖವೂ ಆಗ ತೊಳೆದ ಬಟ್ಟೆಯ ಬಣ್ಣಕ್ಕೆ ತಿರುಗಿತು.

ಗಲಾಟೆ ಕೇಳಿ ಬಂದ ಲೈಬ್ರರಿ ಮೇಡಂ ಕ್ಷಣದಲ್ಲಿ ಪರಿಹಾರ ಕೊಟ್ಟರು. “ಮಸಿ ತಾನೆ ಬೇಕಿರೋದು? ಸಾರ್ ಸ್ಕೂಟರ್ ಇದೆಯಲ್ಲ!”

“ನನ್ನ ಗಾಡಿ ಹೊಗೇನೇ ಬಿಡಲ್ಲ,” ಎಂದು ಮುಖ್ಯಸ್ಥರು ಕೆರಳಿದರು.

“ಅದು ಮೋಸ ಆಗುತ್ತೆ ಮೇಡಂ,” ಎಂದರು ಮೇಷ್ಟ್ರು.

“ಮೋಸ ಯಾಕ್ರೀ? ಮಸಿ ಹೇಗೆ ಹಿಡಿತೀರಿ ಅಂತ ತೋರಿಸೋದು ಅಷ್ಟೇ. ತೊಳೆದ ವಿಷಯ ಸಾರೇ ಹೇಳ್ತಾರೆ.”

ಬೇರೆ ದಾರಿ ಕಾಣದೆ ಮೇಷ್ಟ್ರು ಅಂಗಳದಲ್ಲಿ ಮಂಡಿಯೂರಿ ಸ್ಕೂಟರಿನ ಸೈಲೆನ್ಸರಿಗೆ ಬಟ್ಟೆ ಹಿಡಿದರು. ಮುಖ್ಯಸ್ಥರು ಕಿಕ್ ಹೊಡೆದರು. ಹೊಗೆಯ ರಭಸಕ್ಕೆ ಬಟ್ಟೆ ಹಾರಿ ಕೆಳಗೆ ಬಿತ್ತು, ಹೊಗೆಯೆಲ್ಲ ಮೇಷ್ಟ್ರ ಮುಖಕ್ಕೆ ಅಪ್ಪಳಿಸಿತು. ಕೆಳಗೆ ಬಿದ್ದದ್ದನ್ನು ಕಂಡರೆ ಮುಖ್ಯಸ್ಥರ ಕೈ ಸುಮ್ಮನಿರಬೇಕಲ್ಲ! ಪಾಪ, ಅಭ್ಯಾಸಬಲ. ಬಟ್ಟೆಯನ್ನೆತ್ತಿ ಬಕೆಟ್ಟಿಗೆ ಅದ್ದಿ ಹಿಂಡಿಕೊಟ್ಟರು.

“ಸಾರ್, ತೊಳೀಬೇಡಿ!”

“ಮಣ್ಣಾಗಿತ್ತಪ್ಪ!”

ಅಷ್ಟರಲ್ಲಿ ಲೈಬ್ರರಿ ಮೇಡಂ ಕಾರು ತಂದರು, ಹಾಸ್ಟೆಲ್ ವಾರ್ಡನ್ ತಮ್ಮ ಹಳೇ ಜೀಪು ತಂದರು. ತಮ್ಮ ಗಾಡಿ ಹೊಗೆ ಬಿಡುವುದಿಲ್ಲವೆಂದು ಸಾಧಿಸಲು ಪ್ರತಿಯೊಬ್ಬರೂ ಇನ್ನಷ್ಟು ಜೋರಾಗಿ ಆಕ್ಸಿಲರೇಟರ್ ಒತ್ತಿದರು. ಬಟ್ಟೆ ಬೀಳುತ್ತಲೇ ಇತ್ತು, ಮುಖ್ಯಸ್ಥರು ತೊಳೆಯುತ್ತಲೇ ಇದ್ದರು, ಮೇಷ್ಟ್ರು ಕಪ್ಪಾಗುತ್ತಲೇ ಹೋದರು.

ಸಮಿತಿ ಬಂದದ್ದು ಆಗಲೇ. ಹೊಗೆಯೊಳಗಿಂದ ಬರೀ ಕಣ್ಣು, ಹಲ್ಲು ಕಾಣುವ ಆಕೃತಿಯೊಂದು ಕೆಮ್ಮುತ್ತಾ ಎದ್ದು ನಿಂತಾಗ, ವೃತ್ತಿಯಲ್ಲಿ ಡಾಕ್ಟರಾಗಿದ್ದ ಅಧ್ಯಕ್ಷೆ ಚೀರಿಯೇಬಿಟ್ಟರು. “ಅಯ್ಯಯ್ಯೋ! ಇದೇನ್ರೀ ಇದು?”

ವಿವರಿಸಲು ಮೇಷ್ಟ್ರು ಬಾಯಿ ತೆರೆದರೆ ಕೆಮ್ಮು ಬಿಟ್ಟರೆ ಬೇರೇನೂ ಹೊರಡಲಿಲ್ಲ.

“ಪೆಟ್ರೋಲ್ ಹೊಗೆಯ ಪರಿಣಾಮ ಮೇಡಂ. ಬಟ್ಟೆಗಳನ್ನ ನಾನೇ ತೊಳೆದ್ಬಿಟ್ಟೆ,” ಎಂದು ಮುಖ್ಯಸ್ಥರು ತಲೆ ತಗ್ಗಿಸಿದರು.

ಅಧ್ಯಕ್ಷೆ ಸ್ಟೆತಾಸ್ಕೋಪ್ ತೆಗೆದು ಮೇಷ್ಟ್ರ ಎದೆಗಿಟ್ಟು ಆಲಿಸಿದರು, ಗಾಬರಿಯಿಂದ ಇನ್ನೊಮ್ಮೆ ಆಲಿಸಿದರು. “ಬಟ್ಟೆ ಯಾರಿಗೆ ಬೇಕು? ಬಟ್ಟೆಗೆ ಮಸಿ ಹಿಡಿಸಿದವರನ್ನ ಬೇಕಾದಷ್ಟು ನೋಡಿದೀನಿ. ಮೈಗೇ ಹಿಡಿಸಿಕೊಂಡವರು ಇವರೊಬ್ಬರೇ. ದುಡ್ಡು ಮಂಜೂರು!”

ಮೇಷ್ಟ್ರಿಗೆ ಆನಂದಬಾಷ್ಪ ಬಂತು. ಕೆನ್ನೆಯ ಮೇಲೆ ಎರಡು ಬಿಳಿ ಗೆರೆ ಮೂಡಿದವು.

“ಒಂದೇ ನಿಯಮ,” ಎಂದರು ಅಧ್ಯಕ್ಷೆ. “ಬಟ್ಟೆ ಬದಲು ಈಗ ನೀವೇ ಸ್ಯಾಂಪಲ್. ಸ್ಯಾಂಪಲ್ ಆದವರು ಸಂಶೋಧನೆ ಮಾಡೋ ಹಾಗಿಲ್ಲ. ಇನ್ಮೇಲೆ ಸಂಶೋಧನೆ ಮುಖ್ಯಸ್ಥರದು.”

“ಮತ್ತೆ... ನನ್ನ ಕೆಲಸ?”

“ದಿನಾ ಬನ್ನಿ, ಕೂತ್ಕೊಂಡು ಕೆಮ್ಮಿ. ಸ್ಯಾಂಪಲ್‌ಗೆ ಸಂಬಳ ಮಾತ್ರ ಇರಲ್ಲ.”

ಮೇಷ್ಟ್ರು ದಂಗುಬಡಿದವರಂತೆ ನಲ್ಲಿಯ ಬಳಿ ಹೋಗಿ, ಮುಖಕ್ಕಾದರೂ ನೀರು ಹಾಕಿಕೊಳ್ಳೋಣವೆಂದು ಸೋಪು ಎತ್ತಿಕೊಂಡರು. ಮುಖ್ಯಸ್ಥರು ಹಿಂದಿನಿಂದ ಹಾರಿಬಂದು ಅದನ್ನು ಕಿತ್ತುಕೊಂಡರು.

“ಏನ್ರೀ ನೀವು! ಸ್ಯಾಂಪಲ್ ಯಾರಾದ್ರೂ ತೊಳೀತಾರಾ?”