ಮೂರನೆಯ ಸಿಲಿಂಡರಿನ ಮಾತು

ಸುಫನ್‌ಬುರಿ ರಸ್ತೆಯಲ್ಲಿ ಕಬ್ಬಿನ ಲಾರಿಯೊಂದನ್ನು ಹಿಂದಿಕ್ಕಲು ಹೋಗಿ ಥಾವೋನ್‌ನ ಟರ್ಬೊ ಕಾರು ಸೀನಿತು. ಒಂದು ಸಲವಲ್ಲ, ಸಾಲಾಗಿ ಸೀನಿತು. ಲಾರಿ ಮುಂದೆ ಹೋಯಿತು, ಕಾರು ನಿಂತಿತು. ಥಾವೋನ್ ಇಳಿದು ಚಕ್ರಕ್ಕೆ ಒದ್ದು ಬಾಯಿಗೆ ಬಂದಂತೆ ಬೈದ. ಪಕ್ಕದಲ್ಲಿದ್ದ ಹೆಂಡತಿ ಲಮ್ಯಾಯ್ ಬ್ಯಾಗು ತೆಗೆದುಕೊಂಡು, ಹಿಂದೆ ಬಂದ ಬಸ್ಸು ಹತ್ತಿ ತಾಯಿಯ ಮನೆಗೆ ಹೋದಳು.

ಅದಾಗಿ ಎರಡು ವಾರ. ಈ ಬೆಳಿಗ್ಗೆ ಫೋನಿನಲ್ಲಿ ತೀರ್ಪು ಬಂದಿತ್ತು. "ಸಾಯಂಕಾಲದೊಳಗೆ ಸೀನದೆ ಇರೋ ಕಾರಲ್ಲಿ ಬಂದು ಕರಕೊಂಡ್ ಹೋಗು. ಇಲ್ಲಾಂದ್ರೆ ನಾಳೆ ನಾನು ಚುಂಫೋನ್‌ಗೆ, ಅಕ್ಕನ ಅಂಗಡಿಗೆ. ಆಮೇಲೆ ನೀನೂ ನಿನ್ನ ಟರ್ಬೊನೂ ಸುಖವಾಗಿರಿ."

ಥಾವೋನ್ ನೊಂಥಬುರಿಯಲ್ಲಿ ಕಟ್ಟುಹಲ್ಲು ತಯಾರಿಸುವ ಕಾರ್ಖಾನೆಯ ನೌಕರ. ಕಟ್ಟುಹಲ್ಲಿನೊಳಗಿನ ದೋಷ ಹುಡುಕುವವನಿಗೆ ಬಾನೆಟ್‌ನೊಳಗಿನ ದೋಷ ಯಾವ ಲೆಕ್ಕ ಎಂದುಕೊಂಡು ರಜೆ ಹಾಕಿದ. ಸಾಲುಮನೆಯ ಮುಂದಿನ ತಗಡಿನ ಮಾಡಿನ ಕೆಳಗೆ ಎಂಜಿನ್ ಚಾಲೂ ಮಾಡಿದರೆ, ಅದು ಸಡಿಲ ಹಲ್ಲಿನ ಮುದುಕ ಕಬ್ಬು ಜಗಿಯುವ ಹಾಗೆ ತಾಳ ತಪ್ಪಿ ಅಲ್ಲಾಡಿತು. ಎಂಜಿನ್ ಕೆಟ್ಟಿದೆ ಎನ್ನುವ ಹಳದಿ ದೀಪ ಕಣ್ಣು ಹೊಡೆಯಿತು. ಗಾಳಿಯ ಸುಳಿವೇ ಇಲ್ಲದ ಸೆಕೆ. ಆದರೂ ಒಳಗಿನ ಕನ್ನಡಿಗೆ ಕಟ್ಟಿದ್ದ ಮಲ್ಲಿಗೆ ಮಾಲೆ ತೂಗುತ್ತಿತ್ತು. ಎಂಜಿನ್ ನಿಲ್ಲಿಸಿದ ಮೇಲೂ ಕೊಂಚ ಹೊತ್ತು ತೂಗಿತು.

ಎರವಲು ತಂದಿದ್ದ, ಕಾರಿನ ದೋಷ ಓದುವ ಸ್ಕ್ಯಾನರ್ ಚುಚ್ಚಿದ. ಪರದೆಯ ಮೇಲೆ ಪಿ 0303 ಎಂದು ಬಂತು.

"ಏನಪ್ಪಾ ಅದು?" ಬೇಲಿಯ ಆಚೆಯಿಂದ ಪಕ್ಕದ ಮನೆಯ ಬುಪ್ಪಾ ದೊಡ್ಡಮ್ಮನ ತಲೆ ಕಾಣಿಸಿತು.

"ಮೂರು ಸೊನ್ನೆ ಮೂರು. ಮೂರನೇ ಸಿಲಿಂಡರಲ್ಲಿ ಬೆಂಕಿ ಹತ್ತಿಕೊಳ್ತಾ ಇಲ್ಲ ಅಂತ ಅರ್ಥ."

"ಅರ್ಥ ನಿನ್ನ ಹತ್ರಾನೇ ಇಟ್ಕೋ. ನಂಬರ್ ಇನ್ನೊಂದ್ಸಲ ಹೇಳು."

ಆಗ ಥಾವೋನ್‌ಗೆ ನೆನಪಾಯಿತು: ಇಂದು ಹದಿನಾರನೆಯ ತಾರೀಕು, ಸರ್ಕಾರಿ ಲಾಟರಿಯ ದಿನ. ದೊಡ್ಡಮ್ಮ ಆಗಲೇ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದಳು. ಅವಳ ಹಿಂದೆ ಎದುರುಮನೆಯ ನಿವೃತ್ತ ಪೊಲೀಸ್ ಸಾನಿತ್.

"ಅಮ್ಮನಿಗೆ ಬೈದಿದ್ದೀಯೇನೋ?" ಎಂದು ಕೇಳಿದಳು ದೊಡ್ಡಮ್ಮ. ಪ್ರತಿ ಗಾಡಿಯೊಳಗೂ ಕೂತು ಕಾಯುವ ದೇವತೆ ಮೇ ಯಾನಂಗ್ ತಾಯಿಯನ್ನು ಕುರಿತ ಪ್ರಶ್ನೆ ಅದು.

"ಕಾರಿಗೆ ಬೈದೆ."

"ಒದ್ದೆಯಾ?"

ಥಾವೋನ್ ಬಾನೆಟ್‌ನೊಳಗೆ ತಲೆ ಹಾಕಿದ.

"ಒದ್ದಿದ್ದಾನೆ," ಎಂದು ಸಾನಿತ್ ಪಂಚನಾಮೆ ಮುಗಿಸಿದ.

ಥಾವೋನ್ ಕೆಲಸ ಮುಂದುವರಿಸಿದ. ಓಡುವ ಎಂಜಿನ್ನಿನಲ್ಲಿ ಕಿಡಿ ಕೊಡುವ ಕಾಯಿಲ್‌ಗಳ ವೈರನ್ನು ಒಂದೊಂದಾಗಿ ಕೀಳುವುದು ಹಳೆಯ ಪರೀಕ್ಷೆ. ಜೀವವಿರುವ ಸಿಲಿಂಡರಿನ ವೈರು ಕಿತ್ತರೆ ಎಂಜಿನ್ ಇನ್ನಷ್ಟು ಏದುತ್ತದೆ. ಸತ್ತದ್ದರ ವೈರು ಕಿತ್ತರೆ ಅದಕ್ಕೆ ಗೊತ್ತೂ ಆಗುವುದಿಲ್ಲ. ಒಂದನೆಯದು ಕಿತ್ತ, ಏದಿತು. ಎರಡು, ನಾಲ್ಕು, ಏದಿತು. ಮೂರು ಕಿತ್ತ. ಏನೂ ಆಗಲಿಲ್ಲ.

ಸಾನಿತ್ ಹೊಗೆ ಹೋಗುವ ಕೊಳವೆಗಳ ಹತ್ತಿರ ಅಂಗೈ ಒಡ್ಡಿದ. "ಉಳಿದ ಮೂರೂ ಸುಡ್ತಾ ಇವೆ. ಇದೊಂದು ತಣ್ಣಗಿದೆ," ಎಂದವನ ದನಿ ತಗ್ಗಿತ್ತು. "ಹೆಣ ಮುಟ್ಟಿದ ಹಾಗೆ."

"ಉರಿಯದೆ ಇದ್ರೆ ತಣ್ಣಗೇ ಇರುತ್ತೆ ಮಾವ. ನೋಡಿ, ಮೂರರ ಕಾಯಿಲ್ ಒಂದಕ್ಕೆ, ಒಂದರದ್ದು ಮೂರಕ್ಕೆ ಹಾಕ್ತೀನಿ. ಕಾಯಿಲ್ ಕೆಟ್ಟಿದ್ರೆ ನಂಬರು 301 ಆಗುತ್ತೆ."

ಹಾಕಿದ. ಹಳೆಯ ನಂಬರು ಅಳಿಸಿ ಎಂಜಿನ್ ಓಡಿಸಿದ. 303.

ಪ್ಲಗ್ಗುಗಳನ್ನೂ ಅದಲುಬದಲು ಮಾಡಿದ. 303.

ಅಷ್ಟರಲ್ಲಿ ಗಲ್ಲಿಯ ಜನವೆಲ್ಲ ಗೇಟಿನೊಳಗೆ ಸೇರಿತ್ತು. ಮೂರನೆಯ ಸಲ ನಂಬರು ಬಂದಾಗ ಎಲ್ಲರ ಕೈಗಳೂ ತಾವಾಗಿ ಮುಗಿದವು. ಗಲ್ಲಿಯ ನಾಯಿ ಗೇಟಿನವರೆಗೆ ಬಂದು, ಮೂಸಿ, ಬಾಲ ಮುದುರಿ ವಾಪಸಾಯಿತು.

"ಅಮ್ಮ ಮಾತು ಬದಲಾಯಿಸಲ್ಲ," ಎಂದಳು ದೊಡ್ಡಮ್ಮ. ಅಡಗಿದ ನಂಬರು ಮೂಡಲೆಂದು ಬಾನೆಟ್ಟಿಗೆ ಪೌಡರು ಸವರಿ ಅದರ ಗೀರುಗಳಲ್ಲಿ ಇನ್ನೊಂದು ಮೂರು ಕಂಡಳು.

"ದೊಡ್ಡಮ್ಮ, ಪ್ರಪಂಚದಲ್ಲಿ ಯಾವ ಕಾರಿಗೆ ಈ ರೋಗ ಬಂದ್ರೂ ಇದೇ ನಂಬರು ಬರೋದು."

"ಹಾಗಾದ್ರೆ ನೀನು ಟಿಕೆಟ್ ತಗೋಬೇಡ. ನಮಗೆ ಒಂದು ಉಳೀತು."

ಜನ ಗಲ್ಲಿಯ ತುದಿಯ ಲಾಟರಿ ಅಂಗಡಿಗೆ ಓಡಿದರು. ಸಿಕ್ಕ ಏಕಾಂತದಲ್ಲಿ ಥಾವೋನ್ ಮೂರನೆಯ ಕಾಯಿಲ್‌ಗೆ ಬರುವ ವೈರನ್ನು ಬೆರಳಿನಲ್ಲಿ ಹಿಸುಕುತ್ತ ಹೋದ. ಒಂದು ಕಡೆ ರಬ್ಬರಿನ ಹೊದಿಕೆ ಗಟ್ಟಿಯಾಗಿತ್ತು, ಒಳಗಿನ ತಂತಿ ತುಂಡಾಗಿತ್ತು. ಕಾಯಿಲ್ಲೂ ಅಲ್ಲ, ಪ್ಲಗ್ಗೂ ಅಲ್ಲ, ದೆವ್ವವೂ ಅಲ್ಲ. ತಂತಿ ಜೋಡಿಸಿ, ಬೆಸೆದು, ಸುತ್ತಿದ. ಎಂಜಿನ್ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಪೆಡಲನ್ನು ಪೂರ್ತಿ ತುಳಿದ. ಟರ್ಬೊ ಗಾಳಿ ತುಂಬಿತು, ಕಾರು ನೆಗೆಯಿತು. ಒಂದು ಸೀನೂ ಇಲ್ಲ.

ಮಿಂದು, ಒಳ್ಳೆಯ ಅಂಗಿ ತೊಟ್ಟು, ಹೊರಡಬೇಕೆಂದು ಸೀಟಿನಲ್ಲಿ ಕೂರುವಾಗ ಗಲ್ಲಿಯ ಎಲ್ಲ ಮನೆಗಳಿಂದ ಒಂದೇ ಹೊತ್ತಿಗೆ ಕೂಗು ಎದ್ದಿತು. ಕೊನೆಯ ಮೂರಂಕಿಯ ಬಹುಮಾನ: 303.

ಕಾರು ಗೇಟು ದಾಟಲಿಲ್ಲ. ತಾಯಿಗೆ ಹರಕೆಯ ಏಳು ಬಣ್ಣದ ರೇಷ್ಮೆ, ಊದುಬತ್ತಿ, ಸ್ಟ್ರಾ ಚುಚ್ಚಿದ ಕೆಂಪು ಸೋಡಾ ಬಾಟಲಿಗಳು ಸುತ್ತ ಬೆಳೆದವು. ದೊಡ್ಡಮ್ಮ ಮುಂದಿನ ಚಕ್ರಕ್ಕೆ ಹಣೆ ಹಚ್ಚಿದಳು.

"ಮುಂದಿನ ತಿಂಗಳ ಒಂದನೇ ತಾರೀಕಿನ ಲಾಟರಿಗೆ ಅಮ್ಮ ಏನಂತಾಳೆ ಕೇಳು."

"ಏನೂ ಅನ್ನಲ್ಲ. ರಿಪೇರಿ ಆಯ್ತು." ಸ್ಕ್ಯಾನರ್ ತೋರಿಸಿದ. ದೋಷವಿಲ್ಲ ಎಂದಿತ್ತು.

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಊದುಬತ್ತಿಯ ಹೊಗೆ ಎಲ್ಲ ಬಿಟ್ಟು ಅವನ ಕಡೆಗೇ ಬಂತು.

"ಮಾತಾಡ್ತಿದ್ದ ತಾಯಿಯ ಬಾಯಿ ಹೊಲಿದುಬಿಟ್ಟಿದ್ದಾನೆ," ಎಂದ ಸಾನಿತ್.

ಫೋನು ಬಡಿದುಕೊಂಡಿತು. ಲಮ್ಯಾಯ್. "ಬುಪ್ಪಾ ದೊಡ್ಡಮ್ಮ ಎಲ್ಲ ಹೇಳಿದ್ಲು. ನಾನೂ ನಮ್ಮಮ್ಮನೂ ಪಿಕಪ್ ಗಾಡಿ ಮಾಡ್ಕೊಂಡು ಹೊರಟಾಯ್ತು. ರಿಪೇರಿ ಮಾಡಿದ್ದು ನಿಜಾನಾ?"

"ನಿಜ. ನೀನೇ ಹೇಳಿದ್ದಲ್ಲ, ಸೀನದೆ ಇರೋ..."

"ಈಗ ಹೇಳ್ತೀನಿ ಕೇಳು. ನಾನು ಬಂದಾಗ ಅದು ಸೀನ್ತಾ ಇರಬೇಕು. ಮನೆಗೆ ಬಂದ ಲಕ್ಷ್ಮಿಗೆ ಔಷಧಿ ಹಾಕಿ ಕಳಿಸೋ ಗಂಡನ ಜೊತೆ ನಾನು ಬಾಳಲ್ಲ. ಇದೇ ಪಿಕಪ್ಪಲ್ಲಿ ಚುಂಫೋನ್‌ಗೆ ಹೋಗ್ತೀನಿ."

ಥಾವೋನ್ ನಿಟ್ಟುಸಿರು ಬಿಟ್ಟ. ಸರಿಮಾಡುವುದು ಕಷ್ಟ, ಕೆಡಿಸುವುದಕ್ಕೆ ಏನು. ಸಂಜೆ ಬೆಳಕು ಕೆಂಪಾಗುವ ಹೊತ್ತಿಗೆ ಪಿಕಪ್ ಗಲ್ಲಿಯ ತಿರುವಿನಲ್ಲಿ ಕಂಡಿತು. ಅವನು ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ, ಮೂರನೆಯ ವೈರು ಕಿತ್ತ.

ಎಂಜಿನ್ ಗುರುಗುಟ್ಟುತ್ತಲೇ ಇತ್ತು.

ವೈರಿನ ತುದಿ ನೋಡಿದ. ಸರಿಯಾಗಿಯೇ ಕಳಚಿತ್ತು. ಸ್ಕ್ಯಾನರ್ ನೋಡಿದ. ದೋಷವಿಲ್ಲ. ಒಂದನೆಯದನ್ನು ಕಿತ್ತ. ಎರಡನೆಯದನ್ನು ಕಿತ್ತ. ನಾಲ್ಕನೆಯದನ್ನೂ ಕಿತ್ತ. ನಾಲ್ಕು ತುದಿಗಳೂ ಅವನ ಮುಷ್ಟಿಯಲ್ಲಿದ್ದವು. ಎಂಜಿನ್ ಒಂದೇ ಶ್ರುತಿಯಲ್ಲಿ ಓಡುತ್ತಿತ್ತು.

ಪಿಕಪ್ ಗೇಟಿನೆದುರು ನಿಂತಿತು. ಲಮ್ಯಾಯ್ ಕಿಟಕಿಯ ಗಾಜು ಇಳಿಸಿ ಕಿವಿಗೊಟ್ಟಳು.

"ಚೆನ್ನಾಗೇ ರಿಪೇರಿ ಮಾಡಿದ್ದೀಯ," ಎಂದಳು. ಗಾಜು ಏರಿತು. ಪಿಕಪ್ ಹಿಂದಕ್ಕೆ ತಿರುಗಿತು.